ದುಡ್ಡು ನಮ್ಮದು, ಬೀಗದ ಕೈ ಅವರದು: ಕೊಂಡ ವಿಡಿಯೊ ಗೇಮು ಮಾಯವಾದರೆ ಯಾರನ್ನು ಕೇಳಬೇಕು?

2024ರ ಮಾರ್ಚ್ 31ರಂದು ಫ್ರಾನ್ಸಿನ ಯೂಬಿಸಾಫ್ಟ್ ಕಂಪನಿ ‘ದಿ ಕ್ರೂ’ ಎಂಬ ಕಾರ್ ರೇಸಿಂಗ್ ಗೇಮಿನ ಸರ್ವರ್‌ಗಳನ್ನು, ಅಂದರೆ ಗೇಮನ್ನು ದೂರದಿಂದ ನಡೆಸುವ ಕಂಪ್ಯೂಟರುಗಳನ್ನು, ನಿಲ್ಲಿಸಿತು. 2014ರ ಡಿಸೆಂಬರ್‌ನಲ್ಲಿ ಬಂದ ಗೇಮು ಅದು. ಇಡೀ ಅಮೆರಿಕವನ್ನು ಕಿರಿದು ಮಾಡಿ ಕಂಪ್ಯೂಟರಿನೊಳಗೆ ಇಟ್ಟಿದ್ದರು. ನ್ಯೂಯಾರ್ಕಿನಲ್ಲಿ ಕಾರು ಹತ್ತಿದವನು ಎಲ್ಲೂ ನಿಲ್ಲದೆ ಲಾಸ್ ಏಂಜಲೀಸ್‌ವರೆಗೆ ಓಡಿಸಿಕೊಂಡು ಹೋಗಬಹುದಿತ್ತು. 1.2 ಕೋಟಿಗೂ ಹೆಚ್ಚು ಜನ ಅದನ್ನು ಆಡಿದ್ದರು. ಸರ್ವರ್ ನಿಂತ ದಿನ ಅವರೆಲ್ಲರ ಆಟವೂ ನಿಂತಿತು. ಡಿಸ್ಕು ಕಪಾಟಿನಲ್ಲೇ ಇದೆ, ಪೆಟ್ಟಿಗೆಯ ಮೇಲಿನ ಚಿತ್ರ ಇನ್ನೂ ಮಾಸಿಲ್ಲ, ಆದರೂ ಗೇಮು ತೆರೆಯುವುದಿಲ್ಲ. ಕೆಲವೇ ದಿನಗಳಲ್ಲಿ ಆನ್‌ಲೈನ್ ಖಾತೆಗಳಿಂದ ಅದರ ಪರವಾನಗಿಯನ್ನೂ ಕಂಪನಿ ಹಿಂದಕ್ಕೆ ತೆಗೆದುಕೊಂಡಿತು.

ಇದು ಹತ್ತಾರು ಜನ ಸೇರಿ ಆಡುವ ಪಂದ್ಯವಷ್ಟೇ ಆಗಿದ್ದರೆ, ಆಡುವವರು ಕಡಿಮೆಯಾದರು, ಅಂಗಡಿ ಮುಚ್ಚಿದರು ಎಂದು ಸುಮ್ಮನಾಗಬಹುದಿತ್ತು. ಆದರೆ ‘ದಿ ಕ್ರೂ’ನಲ್ಲಿ ಒಬ್ಬರೇ ಕುಳಿತು ಆಡುವ ಕಥೆಯೂ ಇತ್ತು. ಯಾರ ಜೊತೆಯೂ ಬೇಡ, ನಾನೊಬ್ಬನೇ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕಾರು ಓಡಿಸುತ್ತೇನೆ ಎನ್ನುವವನಿಗೂ ಬಾಗಿಲು ಮುಚ್ಚಿತು. ಜಗಳ ಶುರುವಾಗಿದ್ದು ಇಲ್ಲಿಂದ.

ಈ ಜಗಳದ ಬುಡ ಅರ್ಥವಾಗಬೇಕಾದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗಬೇಕು. ಶಿವಮೊಗ್ಗದಲ್ಲಿ ನಾನು ಓದುತ್ತಿದ್ದಾಗ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಸೈಬರ್ ಸೆಂಟರ್ ಇತ್ತು. ಮೊದಲ ಮಹಡಿ, ಹನ್ನೆರಡು ಕಂಪ್ಯೂಟರು, ಗಂಟೆಗೆ 20 ರೂಪಾಯಿ. ಸಂಜೆ ಕಾಲೇಜು ಬಿಟ್ಟ ಮೇಲೆ ಅಲ್ಲಿ ‘ಕೌಂಟರ್-ಸ್ಟ್ರೈಕ್’ ಎಂಬ ಗುಂಡು ಹಾರಿಸುವ ಗೇಮು ನಡೆಯುತ್ತಿತ್ತು. ಅಂಗಡಿಯವರು ಗಲ್ಲಾಪೆಟ್ಟಿಗೆ ಪಕ್ಕದ ತಮ್ಮ ಕಂಪ್ಯೂಟರಿನಲ್ಲಿ ಸರ್ವರ್ ಎಬ್ಬಿಸಿ, ಅದರ ವಿಳಾಸವಾದ ಐಪಿ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಹಲಗೆಯ ಮೇಲೆ ಬರೆಯುತ್ತಿದ್ದರು. ನಾವು ಅದನ್ನು ಟೈಪ್ ಮಾಡಿ ಒಳಗೆ ಹೋದರೆ ಆಟ ಶುರು. ಇಂಟರ್ನೆಟ್ ಇಲ್ಲದ ದಿನವೂ ಆಟ ನಿಲ್ಲುತ್ತಿರಲಿಲ್ಲ, ಏಕೆಂದರೆ ಹನ್ನೆರಡು ಕಂಪ್ಯೂಟರುಗಳಿಗೂ ಬೇಕಿದ್ದುದು ಒಂದಕ್ಕೊಂದರ ತಂತಿ ಮಾತ್ರ. ಸರ್ವರ್ ಅನ್ನುವುದು ಆಗ ಆಟಗಾರರ ಕೈಗೇ ಬರುವ ಒಂದು ಪ್ರೋಗ್ರಾಂ ಆಗಿತ್ತು. ಆ ಗೇಮನ್ನು ಇವತ್ತಿಗೂ ಜನ ತಮ್ಮದೇ ಸರ್ವರುಗಳಲ್ಲಿ ಆಡುತ್ತಾರೆ. ಮಾಡಿದ ಕಂಪನಿ ನಾಳೆ ಕೈಬಿಟ್ಟರೂ ಆಡುತ್ತಿರುತ್ತಾರೆ.

ಮುಂದಿನ ದಶಕದಲ್ಲಿ ಬದಲಾದದ್ದು ಇದೊಂದೇ: ಸರ್ವರ್ ಪ್ರೋಗ್ರಾಂ ಆಟಗಾರನಿಗೆ ಬರುವುದು ನಿಂತಿತು. ಜೊತೆಗೆ ಗೇಮಿನ ಅರ್ಧ ಭಾಗವೂ ಸರ್ವರಿಗೆ ಹೋಯಿತು. ನಿಮ್ಮ ಕಂಪ್ಯೂಟರಿನಲ್ಲಿ ಇರುವುದು ಚಿತ್ರ, ಸದ್ದು, ಕಾರಿನ ಮಾದರಿ, ರಸ್ತೆ. ನೀವು ಎಷ್ಟು ದೂರ ಬಂದಿದ್ದೀರಿ, ನಿಮ್ಮ ಬಳಿ ಯಾವ ಕಾರುಗಳಿವೆ, ಮುಂದಿನ ರೇಸು ತೆರೆದಿದೆಯೋ ಇಲ್ಲವೋ, ಇವೆಲ್ಲ ಕಂಪನಿಯ ಕಡೆಯಲ್ಲಿ. ಗೇಮು ಮತ್ತೆ ಮತ್ತೆ ಅಲ್ಲಿಗೆ ಕೇಳುತ್ತದೆ, ಅಲ್ಲಿಂದ ಉತ್ತರ ಬಂದರೆ ಮುಂದುವರಿಯುತ್ತದೆ. ಉತ್ತರ ಕೊಡುವ ಯಂತ್ರವನ್ನು ಆರಿಸಿದರೆ, ನಿಮ್ಮ ಹತ್ತಿರ ಉಳಿಯುವುದು ಎಂಜಿನ್ ಇಲ್ಲದ ಬಾಡಿ.

ಕಂಪನಿಗಳು ಹೀಗೆ ಮಾಡಿದ್ದಕ್ಕೆ ಕಾರಣಗಳಿವೆ, ಅವುಗಳನ್ನು ತಳ್ಳಿಹಾಕುವುದು ಸರಿಯಲ್ಲ. ಮೊದಲನೆಯದು ನಕಲು. ನಮ್ಮ ಸೈಬರ್ ಸೆಂಟರಿನಲ್ಲಿದ್ದ ಗೇಮುಗಳು ಅಸಲಿಯಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್‌ನಲ್ಲಿ ಸೀಡಿ ಕೊಂಡು ಬೆಳೆದ ನಮ್ಮ ತಲೆಮಾರು ಇದರಲ್ಲಿ ಪಾಲುದಾರ, ಅದನ್ನು ಒಪ್ಪಿಕೊಳ್ಳಬೇಕು. ಗೇಮಿನ ಅರ್ಧ ಜೀವ ದೂರದ ಸರ್ವರಿನಲ್ಲಿದ್ದರೆ ನಕಲು ಮಾಡಿ ಪ್ರಯೋಜನವಿಲ್ಲ. ಎರಡನೆಯದು ಮೋಸದಾಟ. ಅಂಕ, ಆಯುಧ, ಹಣದ ಲೆಕ್ಕ ಆಟಗಾರನ ಕಂಪ್ಯೂಟರಿನಲ್ಲೇ ಇದ್ದರೆ ತಿದ್ದುವುದು ಸುಲಭ.

ಮೂರನೆಯ ಕಾರಣ ದುಡ್ಡು, ಎಲ್ಲಕ್ಕಿಂತ ದೊಡ್ಡದು ಅದೇ. ದೊಡ್ಡ ಗೇಮು ಮಾಡುವ ಖರ್ಚು ಈಗ ಊಹೆಗೂ ಮೀರಿದೆ. ಸೋನಿಯ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ಕ್ಕೆ ಸುಮಾರು 22 ಕೋಟಿ ಡಾಲರ್ ಖರ್ಚಾಗಿತ್ತು ಎಂಬುದು 2023ರಲ್ಲಿ ಅಮೆರಿಕದ ಕೋರ್ಟಿಗೆ ಸಲ್ಲಿಸಿದ ಕಾಗದಗಳಿಂದ ಹೊರಬಿತ್ತು. ಅಷ್ಟು ಸುರಿದು, ಒಮ್ಮೆ ಮಾರಿ, ಮತ್ತೆ ಐದಾರು ವರ್ಷ ಕಾಯುವುದು ಎದೆಗಾರಿಕೆಯ ಕೆಲಸ. ಇನ್ನೊಂದು ಕಡೆ ‘ಫೋರ್ಟ್‌ನೈಟ್’ ಇದೆ. ಆಡುವುದಕ್ಕೆ ಪುಕ್ಕಟೆ, ಒಳಗೆ ಮಾರುವುದು ಬಟ್ಟೆ, ಕುಣಿತ, ಬಣ್ಣ. 2018 ಮತ್ತು 2019 ಈ ಎರಡೇ ವರ್ಷಗಳಲ್ಲಿ ಅದು 900 ಕೋಟಿ ಡಾಲರ್‌ಗೂ ಹೆಚ್ಚು ತಂದಿತು. ಅದನ್ನು ಮಾಡಿದ ಎಪಿಕ್ ಮತ್ತು ಆಪಲ್ ನಡುವಿನ ಮೊಕದ್ದಮೆಯಲ್ಲಿ ಈ ಲೆಕ್ಕ ಬಯಲಾಯಿತು. ಇದನ್ನು ಕಂಡ ಉದ್ಯಮವೆಲ್ಲ ಒಂದೇ ದಾರಿ ಹಿಡಿಯಿತು: ಗೇಮನ್ನು ಮಾರಿ ಮುಗಿಸಬೇಡ, ಅದನ್ನು ಸೇವೆಯಾಗಿ ನಡೆಸು, ಗಿರಾಕಿ ದಿನಾ ಬರಲಿ, ದಿನಾ ಏನಾದರೂ ಕೊಳ್ಳಲಿ.

ಎಲ್ಲರೂ ಅದೇ ದಾರಿಗೆ ಬಿದ್ದರೆ ಏನಾಗುತ್ತದೆ? ಜನರಿಗೆ ದಿನಕ್ಕಿರುವುದು ಇಪ್ಪತ್ತನಾಲ್ಕೇ ಗಂಟೆ. ಸೋನಿ 2024ರ ಆಗಸ್ಟ್ 23ರಂದು ‘ಕಾಂಕಾರ್ಡ್’ ಎಂಬ ಗೇಮನ್ನು ಬಿಡುಗಡೆ ಮಾಡಿ, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡು ವಾರ. ಕೊಂಡವರಿಗೆ ಹಣ ಹಿಂದಿರುಗಿಸಿದರು, ಆ ಮಟ್ಟಿಗೆ ಸೋನಿ ನಡೆದುಕೊಂಡದ್ದು ಸರಿ. ಆದರೆ ಅದನ್ನು ವರ್ಷಗಟ್ಟಲೆ ಕೂತು ಮಾಡಿದ ಸ್ಟುಡಿಯೋ ಅಕ್ಟೋಬರ್‌ನಲ್ಲಿ ಬಾಗಿಲು ಹಾಕಿತು, ಗೇಮು ಯಾರ ಕೈಗೂ ಸಿಗದ ಹಾಗೆ ಹೋಯಿತು. 2019ರಲ್ಲಿ ಬಂದ ಇಎ ಕಂಪನಿಯ ‘ಆಂಥೆಮ್’ಗೂ 2026ರ ಜನವರಿಯಲ್ಲಿ ಅದೇ ಗತಿ. ಅದಕ್ಕೆ ಪೂರ್ತಿ ಬೆಲೆ ತೆತ್ತವರಿಗೆ ಉಳಿದದ್ದು ನೆನಪು ಮಾತ್ರ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಮಾರಾಟ ನಿಲ್ಲಿಸುವುದು ಬೇರೆ, ಕೊಲ್ಲುವುದು ಬೇರೆ. ‘ಫೋರ್ಜಾ ಹೊರೈಜನ್ 4’ ಎಂಬ ಕಾರ್ ಗೇಮನ್ನು ಮೈಕ್ರೋಸಾಫ್ಟ್ 2024ರ ಡಿಸೆಂಬರ್ 15ಕ್ಕೆ ಅಂಗಡಿಯಿಂದ ತೆಗೆಯಿತು. ಕಾರು ಕಂಪನಿಗಳ ಜೊತೆ, ಹಾಡುಗಳ ಹಕ್ಕುದಾರರ ಜೊತೆ ಮಾಡಿಕೊಂಡ ಒಪ್ಪಂದಗಳಿಗೆ ಅವಧಿ ಇರುತ್ತದೆ, ಅದು ಮುಗಿದರೆ ಹೊಸದಾಗಿ ಮಾರುವಂತಿಲ್ಲ. ಸರಿ. ಆದರೆ ಆಗಲೇ ಕೊಂಡವರು ಆಡುತ್ತಲೇ ಇದ್ದಾರೆ. ಪುಸ್ತಕದ ಮರುಮುದ್ರಣ ನಿಂತರೆ ನನ್ನ ಮನೆಯ ಪ್ರತಿಯ ಹಾಳೆಗಳು ಖಾಲಿಯಾಗುವುದಿಲ್ಲವಲ್ಲ, ಹಾಗೆ. ‘ದಿ ಕ್ರೂ’ ನಿಲ್ಲಿಸುವಾಗಲೂ ಸರ್ವರ್ ವ್ಯವಸ್ಥೆಯ ಮತ್ತು ಪರವಾನಗಿಯ ತೊಡಕುಗಳನ್ನೇ ಕಾರಣ ಕೊಟ್ಟಿದ್ದರು. ಎರಡಕ್ಕೂ ಕಾರಣ ಹೆಚ್ಚು ಕಡಿಮೆ ಒಂದೇ ಬಗೆಯದು, ಫಲ ಮಾತ್ರ ಅಜಗಜಾಂತರ. ಅಂತರ ಹುಟ್ಟಿದ್ದು ಗೇಮನ್ನು ಕಟ್ಟಿದ ರೀತಿಯಲ್ಲಿ.

ರಾಸ್ ಸ್ಕಾಟ್ ಎಂಬ ಯೂಟ್ಯೂಬರ್ ಹಿಡಿದದ್ದು ಇದೇ ಎಳೆಯನ್ನು. ‘ಅಕರ್ಸ್ಡ್ ಫಾರ್ಮ್ಸ್’ ಎಂಬ ಚಾನೆಲ್ ನಡೆಸುವ ಅವರು 2024ರ ಏಪ್ರಿಲ್‌ನಲ್ಲಿ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಅಭಿಯಾನ ಶುರು ಮಾಡಿದರು. ಯುರೋಪಿನ ಒಕ್ಕೂಟದಲ್ಲಿ ಒಂದು ವರ್ಷದೊಳಗೆ 10 ಲಕ್ಷ ನಾಗರಿಕರ ಸಹಿ ಕೂಡಿದರೆ ಯುರೋಪಿಯನ್ ಆಯೋಗ ಆ ವಿಷಯಕ್ಕೆ ಉತ್ತರ ಕೊಡಲೇಬೇಕೆಂಬ ನಿಯಮವಿದೆ. ಆ ನಿಯಮದಡಿ ಅಭಿಯಾನದ ಮನವಿ 2024ರ ಜುಲೈ 31ಕ್ಕೆ ಸಹಿಗೆ ತೆರೆಯಿತು. ಹತ್ತು ತಿಂಗಳು ಕಳೆದರೂ ಅರ್ಧ ದಾರಿ ಸವೆದಿರಲಿಲ್ಲ. 2025ರ ಜೂನ್‌ನಲ್ಲಿ ಸ್ಕಾಟ್ ಒಂದು ವಿಡಿಯೊ ಹಾಕಿ, ಇದು ಸೋಲುವ ಹಾಗಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆಮೇಲೆ ನಡೆದದ್ದು ಅವರೂ ನಿರೀಕ್ಷಿಸಿರಲಾರರು. ದೊಡ್ಡ ದೊಡ್ಡ ಯೂಟ್ಯೂಬರುಗಳು ಕೈಜೋಡಿಸಿದರು, ಜುಲೈ 3ಕ್ಕೆ 10 ಲಕ್ಷ ದಾಟಿತು. ಗಡುವು ಮುಗಿದ ದಿನ ಸುಮಾರು 14.5 ಲಕ್ಷ. ಅಸಲಿಯಲ್ಲದ ಸಹಿಗಳನ್ನು ಸೋಸಿ ತೆಗೆದ ಮೇಲೂ 12.9 ಲಕ್ಷ ಉಳಿದವು. ಯುರೋಪಿನ ಸಂಸತ್ತಿನ ಉಪಾಧ್ಯಕ್ಷರಲ್ಲೊಬ್ಬರಾದ ರುಮೇನಿಯಾದ ನಿಕೊಲಾಯೆ ಸ್ಟೆಫಾನುತ್ಸಾ ಬಹಿರಂಗವಾಗಿ ಬೆಂಬಲ ಕೊಟ್ಟರು. ಬ್ರಿಟನ್ನಿನಲ್ಲೂ ಮನವಿಗೆ ಒಂದು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದು, 2025ರ ನವೆಂಬರ್ 3ರಂದು ಸಂಸದರು ಚರ್ಚೆ ಮಾಡಿದರು. ಅಲ್ಲಿನ ಸರ್ಕಾರ ಕಾನೂನು ಬದಲಿಸುವ ಯೋಚನೆ ಇಲ್ಲ ಎಂದಿತು.

ಅಭಿಯಾನ ಕೇಳುತ್ತಿರುವುದು ಏನು ಎಂಬುದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಸರ್ವರುಗಳನ್ನು ಎಂದೆಂದಿಗೂ ನಡೆಸಿ ಎಂದು ಯಾರೂ ಕೇಳಿಲ್ಲ. ಕೇಳಿರುವುದಿಷ್ಟು: ಹಣ ಪಡೆದು ಮಾರಿದ ಗೇಮಿಗೆ ನೀವು ಕೈ ಎತ್ತುವ ದಿನ ಬಂದಾಗ, ಅದನ್ನು ಹೇಗಾದರೂ ಆಡಬಹುದಾದ ಸ್ಥಿತಿಯಲ್ಲಿ ಬಿಟ್ಟು ಹೋಗಿ. ಒಬ್ಬರೇ ಆಡುವ ಭಾಗವನ್ನು ಆಫ್‌ಲೈನ್ ಮಾಡಿ. ಅಥವಾ ಸರ್ವರ್ ಪ್ರೋಗ್ರಾಮನ್ನು ಜನರಿಗೆ ಕೊಡಿ, ಅವರೇ ನಡೆಸಿಕೊಳ್ಳುತ್ತಾರೆ. ಶಿವಮೊಗ್ಗದ ಸೈಬರ್ ಸೆಂಟರಿನವರು ಮಾಡುತ್ತಿದ್ದುದನ್ನೇ.

ಕಂಪನಿಗಳ ಪರವಾಗಿ ‘ವಿಡಿಯೊ ಗೇಮ್ಸ್ ಯುರೋಪ್’ ಎಂಬ ಒಕ್ಕೂಟ ಉತ್ತರ ಕೊಟ್ಟಿದೆ. ಖಾಸಗಿಯವರು ನಡೆಸುವ ಸರ್ವರಿನಲ್ಲಿ ಆಟಗಾರರ ಮಾಹಿತಿಗೆ ರಕ್ಷಣೆ ಇರುವುದಿಲ್ಲ, ಕಾನೂನುಬಾಹಿರ ಸಂಗತಿ ತೆಗೆಯುವವರು ಇರುವುದಿಲ್ಲ, ಏನಾದರೂ ಆದರೆ ಹೊಣೆ ನಮ್ಮ ತಲೆಗೆ ಬರುತ್ತದೆ, ಮತ್ತು ಎಷ್ಟೋ ಗೇಮುಗಳು ಹುಟ್ಟಿದ್ದೇ ಆನ್‌ಲೈನ್‌ಗಾಗಿ ಎಂಬುದು ಅದರ ವಾದ. ಕೊನೆಯದರಲ್ಲಿ ಹುರುಳಿದೆ. ಇಂದಿನ ದೊಡ್ಡ ಗೇಮಿನ ಸರ್ವರ್ ಎಂದರೆ ಗಲ್ಲಾಪೆಟ್ಟಿಗೆ ಪಕ್ಕದ ಒಂದು ಕಂಪ್ಯೂಟರ್ ಅಲ್ಲ. ಕ್ಲೌಡಿನಲ್ಲಿ, ಅಂದರೆ ಬಾಡಿಗೆಗೆ ಪಡೆದ ದೂರದ ಕಂಪ್ಯೂಟರುಗಳಲ್ಲಿ, ಹರಡಿರುವ ನೂರಾರು ಸಣ್ಣ ಸೇವೆಗಳು ಅವು. ಲಾಗಿನ್‌ಗೆ ಒಂದು, ಆಟಗಾರರನ್ನು ಜೋಡಿಸಲು ಇನ್ನೊಂದು, ಹಣದ ಲೆಕ್ಕಕ್ಕೆ ಮತ್ತೊಂದು. ಅವುಗಳಲ್ಲಿ ಕೆಲವು ಬೇರೆ ಕಂಪನಿಗಳ ಸಾಫ್ಟ್‌ವೇರು, ಅದನ್ನು ಜನರಿಗೆ ಹಂಚುವ ಹಕ್ಕು ಗೇಮು ಮಾಡಿದವರಿಗೇ ಇರುವುದಿಲ್ಲ. ಆಗಲೇ ಹೀಗೆ ಕಟ್ಟಿ ಮುಗಿಸಿದ ಗೇಮನ್ನು ಬಿಚ್ಚಿ ಆಫ್‌ಲೈನ್ ಮಾಡಿ ಎಂದರೆ ಖರ್ಚು ಬಹಳ. ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ಅದಕ್ಕೇ ನಿಯಮ ಬೇಕಿರುವುದು ಶುರುವಿನಲ್ಲಿ. ಮನೆ ಕಟ್ಟುವಾಗಲೇ ನೀರು ಹೋಗುವ ದಾರಿ ಬಿಟ್ಟರೆ ಒಂದು ಪೈಪಿನ ಖರ್ಚು. ಗೃಹಪ್ರವೇಶ ಆದ ಮೇಲೆ ಬಿಡಬೇಕೆಂದರೆ ನೆಲ ಒಡೆಯಬೇಕು. ಮೊದಲ ದಿನವೇ ‘ಒಂದು ದಿನ ನಾವು ಹೊರಡುತ್ತೇವೆ’ ಎಂದು ತಿಳಿದು ನಕ್ಷೆ ಹಾಕಿದ ಎಂಜಿನಿಯರಿಗೆ ಇದು ದೊಡ್ಡ ಹೊರೆಯಲ್ಲ. ಯುರೋಪಿನ ಮನವಿಯೂ ಹಳೆಯ ಗೇಮುಗಳ ಮೇಲೆ ಹೊರೆ ಹೇರಲು ಹೊರಟಿಲ್ಲ, ಮುಂದೆ ಬರುವವುಗಳ ಬಗ್ಗೆ ಮಾತಾಡುತ್ತಿದೆ.

ಆಗುವುದಿಲ್ಲ ಎನ್ನುವವರಿಗೆ ಉದಾಹರಣೆಗಳು ಕಣ್ಣೆದುರೇ ಇವೆ. ವೆಲಾನ್ ಎಂಬ ಸಣ್ಣ ಸ್ಟುಡಿಯೋ 2023ರ ಜೂನ್‌ನಲ್ಲಿ ‘ನಾಕೌಟ್ ಸಿಟಿ’ಯ ಸರ್ವರ್ ನಿಲ್ಲಿಸುವಾಗ, ಆಟಗಾರರೇ ಸರ್ವರ್ ನಡೆಸಿಕೊಳ್ಳುವ ಆವೃತ್ತಿಯನ್ನು ಬಿಟ್ಟುಹೋಯಿತು. ಸೋನಿ ‘ಗ್ರಾನ್ ಟುರಿಸ್ಮೊ ಸ್ಪೋರ್ಟ್’ನ ಸರ್ವರನ್ನು 2024ರ ಜನವರಿಯಲ್ಲಿ ಮುಚ್ಚುವ ಮೊದಲು, ಆಟದ ಪ್ರಗತಿಯನ್ನು ಮನೆಯ ಯಂತ್ರದಲ್ಲೇ ಉಳಿಸಿಕೊಳ್ಳುವ ಹಾಗೆ ಮಾಡಿತು. ನನಗೆ ತುಂಬ ಹಿಡಿಸಿದ್ದು ‘ಸಿಟಿ ಆಫ್ ಹೀರೋಸ್’ ಕಥೆ. ಸಾವಿರಾರು ಜನ ಒಟ್ಟಿಗೆ ಆಡುತ್ತಿದ್ದ ಆ ಗೇಮನ್ನು ಕೊರಿಯಾದ ಎನ್‌ಸಿಸಾಫ್ಟ್ 2012ರ ನವೆಂಬರ್‌ನಲ್ಲಿ ಮುಚ್ಚಿತ್ತು. ಅಭಿಮಾನಿಗಳು ಗುಟ್ಟಾಗಿ ಅದರ ಸರ್ವರನ್ನು ಜೀವಂತ ಇಟ್ಟುಕೊಂಡಿದ್ದರು, 2019ರಲ್ಲಿ ಅದು ಬಯಲಾಯಿತು. ಕೋರ್ಟು ಕಚೇರಿ ಎಂದು ಹೋಗುವ ಬದಲು ಎನ್‌ಸಿಸಾಫ್ಟ್ 2024ರ ಜನವರಿಯಲ್ಲಿ ‘ಹೋಮ್‌ಕಮಿಂಗ್’ ಎಂಬ ಅಭಿಮಾನಿ ಬಳಗಕ್ಕೆ ಅಧಿಕೃತ ಪರವಾನಗಿ ಕೊಟ್ಟಿತು. ಹನ್ನೊಂದು ವರ್ಷದ ಮೇಲೆ ಬಾಗಿಲು ತೆರೆಯಿತು.

ಯೂಬಿಸಾಫ್ಟ್ ಕೂಡ ಸುಮ್ಮನಿರಲಾಗಲಿಲ್ಲ. ಅದರ ಮುಖ್ಯಸ್ಥ ಈವ್ ಗಿಯೆಮೊ 2025ರ ಜುಲೈನಲ್ಲಿ ಷೇರುದಾರರಿಗೆ, ಯಾವ ಸೇವೆಯೂ ಶಾಶ್ವತವಲ್ಲ ಎಂಬ ಅರ್ಥದ ಮಾತು ಹೇಳಿದರು. ಆದರೆ ಅಷ್ಟರಲ್ಲಿ ‘ದಿ ಕ್ರೂ 2’ಕ್ಕೆ ಆಫ್‌ಲೈನ್ ವ್ಯವಸ್ಥೆ ಕೊಡುತ್ತೇವೆಂದು ಕಂಪನಿ ಮಾತು ಕೊಟ್ಟಾಗಿತ್ತು, 2025ರ ಅಕ್ಟೋಬರ್‌ನಲ್ಲಿ ಕೊಟ್ಟೂ ಬಿಟ್ಟಿತು. ಜನ ಕೂಗಿದ ಮೇಲೆ ಆಯಿತು ಎಂದರೆ, ಆಗುವ ಕೆಲಸವೇ ಆಗಿತ್ತು ಎಂದಲ್ಲವೇ?

ಅಮೆರಿಕದ ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 2025ರ ಜನವರಿ 1ರಿಂದ ಅಲ್ಲಿ ಜಾರಿಯಲ್ಲಿರುವ ಎಬಿ 2426 ಎಂಬ ಕಾಯ್ದೆಯ ಪ್ರಕಾರ, ಮಾರಾಟಗಾರ ತಾನು ಕೊಡುತ್ತಿರುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಡಿಜಿಟಲ್ ಸರಕಿಗೆ ‘ಖರೀದಿಸಿ’ ಎಂಬ ಮಾತು ಬಳಸುವಂತಿಲ್ಲ. ಕಾಯ್ದೆ ಜಾರಿಗೆ ಬರುವ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಗೇಮು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಬುಟ್ಟಿಯಲ್ಲಿ ಈ ಸಾಲು ಕಾಣಿಸಿಕೊಂಡಿತು: ಇಲ್ಲಿ ಕೊಂಡರೆ ಸಿಗುವುದು ಪರವಾನಗಿ. ಬೆಂಗಳೂರಿನಿಂದ ಸ್ಟೀಮ್ ತೆರೆದರೂ ಕಾಣುತ್ತದೆ, ನೋಡಿ. ಪ್ರಾಮಾಣಿಕತೆಯ ದೃಷ್ಟಿಯಿಂದ ಒಳ್ಳೆಯದೇ. ಆದರೆ ನನಗೆ ಇದರಲ್ಲಿ ಭಯವೂ ಇದೆ. ಫಲಕ ಹಾಕಿದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ‘ಹೇಳಿದ್ದೆವಲ್ಲ’ ಎಂಬ ರಕ್ಷಾಕವಚ ಕಂಪನಿಗೆ ಸಿಕ್ಕಿತು, ಗೇಮು ಮಾತ್ರ ಉಳಿಯಲಿಲ್ಲ. ಪೋಲೆಂಡಿನ ಜಿಒಜಿ ಎಂಬ ಅಂಗಡಿ ಇನ್‌ಸ್ಟಾಲ್ ಕಡತವನ್ನೇ ನಮ್ಮ ಕೈಗೆ ಕೊಡುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ದುರದೃಷ್ಟ, ಹೊಸ ದೊಡ್ಡ ಗೇಮುಗಳು ಅಲ್ಲಿಗೆ ಬರುವುದು ಅಪರೂಪ.

ಡಿಸ್ಕು ಕೊಂಡರೆ ಪಾರಾಗಬಹುದು ಎಂದುಕೊಂಡವರಿಗೂ ದಾರಿ ಕಿರಿದಾಗುತ್ತಿದೆ. 2024ರ ನವೆಂಬರ್‌ನಲ್ಲಿ ಬಂದ ಸೋನಿಯ ಗೇಮ್ ಯಂತ್ರ ಪಿಎಸ್5 ಪ್ರೋ ಜೊತೆಗೆ ಡಿಸ್ಕ್ ಡ್ರೈವ್ ಬರುವುದಿಲ್ಲ, ಬೇಕಾದವರು ಬೇರೆ ಕೊಳ್ಳಬೇಕು. 2025ರ ಜೂನ್‌ನಲ್ಲಿ ಬಂದ ಇನ್ನೊಂದು ಗೇಮ್ ಯಂತ್ರ ನಿಂಟೆಂಡೊ ಸ್ವಿಚ್ 2ರ ಎಷ್ಟೋ ಕಾರ್ಡುಗಳಲ್ಲಿ ಗೇಮೇ ಇಲ್ಲ, ಡೌನ್‌ಲೋಡ್ ಮಾಡಿಕೊಳ್ಳಲು ಒಂದು ಕೀಲಿ ಮಾತ್ರ. ನಮ್ಮ ದೇಶದಲ್ಲಿ ಇದರ ಪೆಟ್ಟು ಹೆಚ್ಚು. ನಾಲ್ಕೈದು ಸಾವಿರ ಕೊಟ್ಟು ಡಿಸ್ಕು ತಂದು, ಆಡಿ ಮುಗಿಸಿ, ಅರ್ಧ ಬೆಲೆಗೆ ಮಾರಿ, ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಮುಂದಿನದನ್ನು ಕೊಳ್ಳುವುದು ಮಧ್ಯಮ ವರ್ಗದ ಮನೆಯ ಹುಡುಗರ ಲೆಕ್ಕಾಚಾರ. ಮಾರಲಾಗದ ಪರವಾನಗಿಯಲ್ಲಿ ಆ ಲೆಕ್ಕ ಕೂಡುವುದಿಲ್ಲ.

ಭಾರತದಲ್ಲಿ ಬಹುಪಾಲು ಜನ ಆಡುವುದು ಮೊಬೈಲಿನಲ್ಲಿ, ಪುಕ್ಕಟೆ ಗೇಮುಗಳನ್ನು. ಹಾಗೆಂದು ಇದು ನಮಗೆ ಸಂಬಂಧಿಸಿದ್ದಲ್ಲ ಎನ್ನುವಂತಿಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿದಾಗ ಕೋಟ್ಯಂತರ ಹುಡುಗರ ಖಾತೆಗಳು ಒಂದೇ ಏಟಿಗೆ ಕೈತಪ್ಪಿದವು. 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಅದರ ಭಾರತೀಯ ಆವೃತ್ತಿ ಬಿಜಿಎಂಐ ತಂದಾಗ, ಹಳೆಯ ಖಾತೆಯ ಸರಕನ್ನು ಹೊಸದಕ್ಕೆ ಸಾಗಿಸಿಕೊಳ್ಳಲು ಅವಕಾಶ ಕೊಟ್ಟಿತು. ಆ ಅವಕಾಶ ಕಂಪನಿಯ ದೊಡ್ಡ ಮನಸ್ಸಿನಿಂದ ಬಂದದ್ದು, ಕಾನೂನಿನಿಂದಲ್ಲ. ಬಿಜಿಎಂಐ ಕೂಡ 2022ರ ಜುಲೈನಲ್ಲಿ ಅಂಗಡಿಗಳಿಂದ ಮಾಯವಾಗಿ 2023ರ ಮೇ ತಿಂಗಳಲ್ಲಿ ಮರಳಿತು.

ನನ್ನ ತಂಗಿಯ ಮಗನಿಗೆ ಹನ್ನೊಂದು ವರ್ಷ. ಹುಟ್ಟುಹಬ್ಬಕ್ಕೆ ಅಜ್ಜಿ ಕೊಟ್ಟ ದುಡ್ಡಿನಲ್ಲಿ 799 ರೂಪಾಯಿ ಹಾಕಿ ಒಂದು ಮೊಬೈಲ್ ಗೇಮಿನೊಳಗೆ ನೀಲಿ ಕಾರು ಕೊಂಡಿದ್ದ. ಐದು ತಿಂಗಳಿಗೆ ಪರದೆಯ ಮೇಲೆ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಸೂಚನೆ ಬಂತು: ಸೇವೆ ನಿಲ್ಲುತ್ತಿದೆ, ಇದುವರೆಗೆ ಆಡಿದ್ದಕ್ಕೆ ಧನ್ಯವಾದ. ‘ಮಾಮ, ನನ್ನ ಕಾರು ಎಲ್ಲಿಗೆ ಹೋಗುತ್ತೆ?’ ಎಂದು ಕೇಳಿದ. ದುಡ್ಡು ಹೋದದ್ದಕ್ಕಲ್ಲ ಅವನ ಸಂಕಟ. ಕೊನೆಯ ದಿನ ಆ ಕಾರಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ, ಈಗಲೂ ಅದೇ ಅವನ ವಾಲ್‌ಪೇಪರ್. ಗ್ರಾಹಕ ಆಯೋಗಕ್ಕೆ ಹೋಗೋಣವೆಂದರೆ ಯಾವ ಆಧಾರದ ಮೇಲೆ? 2025ರ ಆಗಸ್ಟ್‌ನಲ್ಲಿ ಬಂದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಗೆಲ್ಲುವ ಆಸೆಗೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿತು, ಕ್ರೀಡೆಯಂತೆ ಪಂದ್ಯ ಕಟ್ಟಿ ಆಡುವ ಇ-ಸ್ಪೋರ್ಟ್ಸ್‌ಗೆ ಮಾನ್ಯತೆ ಕೊಟ್ಟಿತು. ಕೊಂಡ ಗೇಮು ಮಾಯವಾದರೆ ಏನು ಗತಿ ಎಂಬ ಪ್ರಶ್ನೆ ಅದರಲ್ಲಿ ಇಲ್ಲ.

ಗ್ರಾಹಕನ ಹಕ್ಕಿನಷ್ಟೇ ನನ್ನನ್ನು ಕಾಡುವುದು ನೆನಪಿನ ಪ್ರಶ್ನೆ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರಲ್ಲಿ ತೆರೆಕಂಡಿತು. ಇವತ್ತು ಅದರ ಒಂದು ಪ್ರಿಂಟೂ ನಮ್ಮ ಹತ್ತಿರ ಇಲ್ಲ. ಅದನ್ನು ಯಾರೂ ಬೇಕೆಂದು ನಾಶ ಮಾಡಲಿಲ್ಲ, ಕಾಪಾಡಬೇಕೆಂಬ ಅರಿವು ಆಗ ಇರಲಿಲ್ಲ. ಗೇಮುಗಳ ವಿಷಯದಲ್ಲಿ ಅರಿವೂ ಇದೆ, ಉಪಾಯವೂ ಇದೆ. ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ನಡೆಸಿದ ಅಧ್ಯಯನದಲ್ಲಿ, ಅಲ್ಲಿ 2010ಕ್ಕೆ ಮೊದಲು ಬಂದ ಗೇಮುಗಳಲ್ಲಿ ಶೇ 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಎಂದು ಕಂಡುಬಂತು. ಹಳೆಯ ಗೇಮುಗಳನ್ನು ಸಂಶೋಧಕರಿಗೆ ದೂರದಿಂದಲೇ ಆಡಲು ಕೊಡುವ ಅವಕಾಶ ಬೇಕೆಂದು ಗ್ರಂಥಾಲಯಗಳು ಕೇಳಿದರೆ, 2024ರ ಅಕ್ಟೋಬರ್‌ನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಒಪ್ಪಲಿಲ್ಲ.

ಗೇಮು ಕಟ್ಟುವ ಕೆಲಸದಲ್ಲಿ ನಮ್ಮವರ ಬೆವರೂ ಇದೆ. ರಾಜೇಶ್ ರಾವ್ 1997ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಧ್ರುವ ಇಂಟರಾಕ್ಟಿವ್‌ನ ಕಲಾವಿದರು ಫೋರ್ಜಾ ಸರಣಿಗೆ ಕೆಲಸ ಮಾಡಿದ್ದಾರೆ. 2019ರಲ್ಲಿ ಆ ಸಂಸ್ಥೆಯನ್ನು ರಾಕ್‌ಸ್ಟಾರ್ ಎಂಬ ದೊಡ್ಡ ಗೇಮ್ ಕಂಪನಿ ಕೊಂಡಿತು. ಆನ್‌ಲೈನ್ ಗೇಮೊಂದು ಸತ್ತರೆ, ಅದರಲ್ಲಿ ಒಂದು ಬೀದಿಯನ್ನೋ ಒಂದು ಕಾರಿನ ಬಾಗಿಲನ್ನೋ ತಿಂಗಳುಗಟ್ಟಲೆ ಕೂತು ಮಾಡಿದ ಕಲಾವಿದೆ ತನ್ನ ಕೆಲಸವನ್ನು ಮಗಳಿಗೆ ತೋರಿಸಲು ಯೂಟ್ಯೂಬಿನ ವಿಡಿಯೊ ಹುಡುಕಬೇಕು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ಕರ್ನಾಟಕ ಸರ್ಕಾರದ 2024–29ರ ನೀತಿಯೊಂದು ಜಾರಿಯಲ್ಲಿದೆ. ಸರ್ಕಾರದ ನೆರವು ಪಡೆದು ಇಲ್ಲಿ ತಯಾರಾಗುವ ಪ್ರತಿ ಗೇಮಿನ ಒಂದು ಪ್ರತಿ, ಸರ್ವರ್ ಪ್ರೋಗ್ರಾಂ ಸಮೇತ, ಒಂದು ಸಾರ್ವಜನಿಕ ಭಂಡಾರಕ್ಕೆ ಬರಬೇಕು ಎಂಬ ಷರತ್ತನ್ನು ಅದರಲ್ಲಿ ಸೇರಿಸಬೇಕು. ಪುಸ್ತಕ ಅಚ್ಚಾದರೆ ಗ್ರಂಥಾಲಯಕ್ಕೆ ಪ್ರತಿ ಕಳಿಸುವ ಪದ್ಧತಿ ನಮಗೆ ಹೊಸದೇನಲ್ಲ.

2025ರ ಸೆಪ್ಟೆಂಬರ್‌ನಲ್ಲಿ ‘ದಿ ಕ್ರೂ ಅನ್‌ಲಿಮಿಟೆಡ್’ ಎಂಬ ಹೆಸರಿನಲ್ಲಿ ಅಭಿಮಾನಿಗಳ ಗುಂಪೊಂದು ತಾವೇ ಬರೆದ ಸರ್ವರ್ ಪ್ರೋಗ್ರಾಮನ್ನು ಬಿಡುಗಡೆ ಮಾಡಿತು. ಗೇಮು ಯಾವ ಪ್ರಶ್ನೆ ಕೇಳುತ್ತಿತ್ತು, ಹಳೆಯ ಸರ್ವರ್ ಯಾವ ಉತ್ತರ ಕೊಡುತ್ತಿತ್ತು ಎಂಬುದನ್ನು ಒಂದೊಂದಾಗಿ ಹುಡುಕಿ, ಸಂಬಳವಿಲ್ಲದೆ ಮಾಡಿದ ಕೆಲಸ ಅದು. ಕಂಪ್ಯೂಟರಿನಲ್ಲಿ ಹಳೆಯ ಪ್ರತಿ ಅಳಿಸದೆ ಇಟ್ಟುಕೊಂಡವರು ಅಂದು ಮತ್ತೆ ಕಾರು ಹತ್ತಿದರು.